ಫೈಲ್‌ಸಿಸ್ಟಂ ಕೋಡಿನಲ್ಲಿ ಮೆಮೊರಿ ಹಂಚಿಕೆ, ಬಿಡುಗಡೆಗಳನ್ನು ಸರಳಗೊಳಿಸುವ ಬಗೆ

ಲಿನಕ್ಸ್ ಕರ್ನೆಲ್‌ನ ಹಳೆಯ ಫೈಲ್‌ಸಿಸ್ಟಂ ಒಂದರ ಮೌಂಟ್ (ಫೈಲ್‌ಸಿಸ್ಟಮನ್ನು ಬಳಕೆಗೆ ಜೋಡಿಸುವ) ಕೋಡನ್ನು ತೆರೆದು ನೋಡಿದರೆ, ಸೂಪರ್‌ಬ್ಲಾಕಿನ (ಮೌಂಟ್ ಆದ ಫೈಲ್‌ಸಿಸ್ಟಂನ ಒಟ್ಟು ವಿವರ ಇಡುವ ರಚನೆ) ಖಾಸಗಿ ಮಾಹಿತಿಗೆ ಮೆಮೊರಿ ಪಡೆಯುವ ಸಾಲು ಒಂದೇ ಇದ್ದು, ಅದನ್ನು ಬಿಡುಗಡೆ ಮಾಡುವ ಸಾಲುಗಳು ಎರಡು ಮೂರು ಕಡೆ ಚದುರಿರುವುದು ಹಲವೊಮ್ಮೆ ಕಣ್ಣಿಗೆ ಬೀಳುತ್ತದೆ. ಮೆಮೊರಿ ಸೋರಿಕೆಗೂ, ಒಂದೇ ಮೆಮೊರಿಯನ್ನು ಎರಡು ಬಾರಿ ಬಿಡುವ ದೋಷಕ್ಕೂ ಇಂಥ ಕಡೆಯೇ ಎಡೆ ಸಿಗುತ್ತದೆ. ಆದ್ದರಿಂದ ಸಾಲುಗಳನ್ನು ಅಳಿಸಲು ಕೈಹಾಕುವ ಮೊದಲು, ಪ್ರತಿಯೊಂದು ಹಂಚಿಕೆಯ ಒಡೆತನ ಯಾವ ಫಂಕ್ಷನ್‌ನದು, ಅದು ಎಲ್ಲಿಯವರೆಗೆ ಬದುಕಿರಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಮೌಂಟ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸೂಪರ್‌ಬ್ಲಾಕನ್ನು ತುಂಬುವ ಫಿಲ್-ಸೂಪರ್ ಫಂಕ್ಷನ್ ಖಾಸಗಿ ಮಾಹಿತಿಗೆ ಮೆಮೊರಿ ಪಡೆದು, ಅದರ ಪಾಯಿಂಟರನ್ನು ಸೂಪರ್‌ಬ್ಲಾಕಿನಲ್ಲಿ ಇರಿಸುತ್ತದೆ. ಮೌಂಟ್ ನಡುವೆ ಸೋತರೆ ಫಿಲ್-ಸೂಪರ್‌ನ ಕೊನೆಯ ಲೇಬಲ್‌ನಲ್ಲಿ ಬಿಡುಗಡೆ, ಮೌಂಟ್ ಗೆದ್ದು ಮುಂದೆ ಅನ್‌ಮೌಂಟ್ ಆದಾಗ ಪುಟ್-ಸೂಪರ್‌ನಲ್ಲಿ ಬಿಡುಗಡೆ ಎಂಬುದು ಹಳೆಯ ರೂಢಿ. ಹೀಗೆ ಎರಡು ಕಡೆ ಬೇಕಾಗಲು ಕಾರಣವಿದೆ: ಮೂಲ ಡೆಂಟ್ರಿ (ಫೈಲ್‌ಸಿಸ್ಟಂನ ಬೇರು ಡೈರೆಕ್ಟರಿಯ ನಮೂದು) ಸಿದ್ಧವಾಗಿದ್ದರೆ ಮಾತ್ರ ಕರ್ನೆಲ್ ಪುಟ್-ಸೂಪರನ್ನು ಕರೆಯುತ್ತದೆ. ಆದರೆ ಸೂಪರ್‌ಬ್ಲಾಕನ್ನು ಮುಚ್ಚುವ ಕಿಲ್-ಎಸ್‌ಬಿ ಫಂಕ್ಷನ್, ಫಿಲ್-ಸೂಪರ್ ಸೋತರೂ ಗೆದ್ದರೂ ಕೊನೆಗೆ ಬಂದೇ ಬರುತ್ತದೆ. ಹೀಗಿರುವಾಗ ಬಿಡುಗಡೆಗೆ ಸರಿಯಾದ ಒಂದೇ ಜಾಗ ಅದು. ಕಿಲ್-ಎಸ್‌ಬಿಯ ಆರಂಭದಲ್ಲಿ ಪಾಯಿಂಟರನ್ನು ಸ್ಥಳೀಯ ಚರದಲ್ಲಿ ಇರಿಸಿಕೊಂಡು, ಕರ್ನೆಲ್‌ನ ಸಾಮಾನ್ಯ ಮುಚ್ಚುವ ಫಂಕ್ಷನ್ ಮುಗಿದ ಮೇಲೆ ಮೆಮೊರಿ ಬಿಡುವ ಕೆಫ್ರೀ ಕರೆದರೆ ಸಾಕು. ಫಿಲ್-ಸೂಪರ್ ಹಂಚಿಕೆಯ ಹಂತಕ್ಕೇ ತಲುಪಿರದಿದ್ದರೆ ಆ ಪಾಯಿಂಟರ್ ನಲ್ (ಖಾಲಿ) ಆಗಿರಬಹುದಾದ್ದರಿಂದ, ಅದರೊಳಗಿನ ಸದಸ್ಯಗಳನ್ನು ಮುಟ್ಟುವ ಮುನ್ನ ಪರೀಕ್ಷೆ ಇರಲೇಬೇಕು. ಬಿಡುಗಡೆಯನ್ನು ಇಲ್ಲಿಗೆ ತರುವ ಪ್ಯಾಚ್‌ನಲ್ಲಿಯೇ ಉಳಿದ ಎರಡು ಜಾಗಗಳ ಬಿಡುಗಡೆಯನ್ನೂ ತೆಗೆದುಹಾಕಬೇಕು. ಈ ಕೆಲಸವನ್ನು ಎರಡು ಪ್ಯಾಚ್‌ಗಳಾಗಿ ಒಡೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಂದೇ ಮೆಮೊರಿಯನ್ನು ಎರಡು ಬಾರಿ ಬಿಡುವ, ಅವುಗಳ ನಡುವಿನ ಸ್ಥಿತಿಯಲ್ಲಿ ಕರ್ನೆಲನ್ನು ಕಟ್ಟಿದವರ ಯಂತ್ರದಲ್ಲಿ, ಸೋತ ಒಂದು ಮೌಂಟ್ ಬೇರೆ ಯಾವುದೋ ಆಬ್ಜೆಕ್ಟನ್ನು ಕೆಡಿಸಬಲ್ಲದು.

ಇನೋಡ್‌ಗಳ (ಪ್ರತಿ ಫೈಲಿನ ವಿವರ ಇಡುವ ರಚನೆಗಳು) ವಿಷಯದಲ್ಲಿ ಕರ್ನೆಲ್ ಈ ಸರಳೀಕರಣವನ್ನು ತಾನೇ ಮಾಡಿಕೊಟ್ಟಿದೆ. ಪಾತ್ ಹುಡುಕುವ ಕೋಡು ಲಾಕ್ ಹಿಡಿಯದೆ ಆರ್‌ಸಿಯು (ಓದುಗರು ಮುಗಿಸುವವರೆಗೆ ಹಳೆಯ ಮೆಮೊರಿಯನ್ನು ಉಳಿಸುವ ವಿಧಾನ) ರಕ್ಷಣೆಯಲ್ಲಿ ಇನೋಡ್‌ಗಳನ್ನು ಓದುತ್ತದೆಯಾದ್ದರಿಂದ, ಇನೋಡ್‌ನ ಮೆಮೊರಿಯನ್ನು ಆ ಓದುಗರೆಲ್ಲ ಹೊರಬಂದ ಮೇಲೆಯೇ ಬಿಡಬೇಕು. ಇದಕ್ಕಾಗಿ ಹಿಂದೆ ಪ್ರತಿಯೊಂದು ಫೈಲ್‌ಸಿಸ್ಟಂ ಒಂದೇ ಬಗೆಯ ಸಣ್ಣ ಕಾಲ್‌ಬ್ಯಾಕ್ ಫಂಕ್ಷನನ್ನು ತನಗಾಗಿ ಬರೆದುಕೊಳ್ಳುತ್ತಿತ್ತು. 2019ರ 5.2 ಆವೃತ್ತಿಯಲ್ಲಿ ಫ್ರೀ-ಇನೋಡ್ ಎಂಬ ಕಾರ್ಯ ಸೇರಿದ ಮೇಲೆ ಕಾಯುವ ಹೊಣೆ ಕರ್ನೆಲ್‌ನದಾಯಿತು. ಸಿಂಬಾಲಿಕ್ ಲಿಂಕಿನ ಗುರಿಯ ಸ್ಟ್ರಿಂಗ್‌ನಂತೆ ಆರ್‌ಸಿಯು ಓದುಗರು ನೋಡಬಹುದಾದುದನ್ನು ಫ್ರೀ-ಇನೋಡ್‌ನಲ್ಲಿ ಬಿಡಬೇಕು. ನಿದ್ರೆಗೆ ಹೋಗಬಹುದಾದ ಕೆಲಸವನ್ನು ಅದಕ್ಕೂ ಮುಂಚಿನ ಇವಿಕ್ಟ್-ಇನೋಡ್‌ನಲ್ಲಿ ಮುಗಿಸಬೇಕು. ಮಾಡ್ಯೂಲ್ ಹೊರಹೋಗುವಾಗ ಇನೋಡ್ ಕ್ಯಾಶನ್ನು ನಾಶಪಡಿಸುವ ಮೊದಲು ಬಾಕಿ ಕಾಲ್‌ಬ್ಯಾಕ್‌ಗಳು ಮುಗಿಯುವವರೆಗೆ ಕಾಯುವ ಆರ್‌ಸಿಯು-ಬ್ಯಾರಿಯರ್ ಕರೆಯುವುದನ್ನು ಮರೆಯಬಾರದು.

ದೊಡ್ಡ ಬಫರ್‌ಗಳಿಗೆ ಬಂದರೆ, ಒಂದು ವಿಸ್ತೃತ ಗುಣಲಕ್ಷಣದ (ಫೈಲಿಗೆ ಅಂಟಿಸುವ ಹೆಚ್ಚುವರಿ ಮಾಹಿತಿ) ಮೌಲ್ಯವೇ 64 ಕಿಲೋಬೈಟ್‌ವರೆಗೆ ಇರಬಹುದು. ಅಷ್ಟು ಮೆಮೊರಿ ಭೌತಿಕವಾಗಿ ಅಕ್ಕಪಕ್ಕದಲ್ಲೇ ಸಿಗುವ ಖಾತರಿ ಇಲ್ಲವಾದ್ದರಿಂದ, ಮೊದಲು ಅಕ್ಕಪಕ್ಕದ ಮೆಮೊರಿ ಕೊಡುವ ಕೆಮ್ಯಾಲಕ್, ಅದು ಸೋತರೆ ಚದುರಿದ ಪುಟಗಳನ್ನು ಜೋಡಿಸಿ ಕೊಡುವ ವಿಮ್ಯಾಲಕ್, ಬಿಡುವಾಗ ಯಾವುದರಿಂದ ಬಂದದ್ದೆಂಬ ವಿಚಾರಣೆ, ಇಷ್ಟನ್ನೂ ಕೈಯಾರೆ ಬರೆಯುವ ಪದ್ಧತಿಯಿತ್ತು. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ತನ್ನದೇ ಹೊದಿಕೆ ಫಂಕ್ಷನ್ ಇರಿಸಿಕೊಂಡಿತ್ತು. 2017ರ 4.12 ಆವೃತ್ತಿಯಿಂದ ಈ ಎರಡನ್ನೂ ತಾನೇ ಪ್ರಯತ್ನಿಸುವ ಕೆವಿಮ್ಯಾಲಕ್ ಎಲ್ಲರಿಗೂ ಲಭ್ಯವಿದೆ, ಅದರ ಜೋಡಿ ಕೆವಿಫ್ರೀ. ಕೆವಿಫ್ರೀ ನಿದ್ರೆಗೆ ಹೋಗಬಹುದಾದ್ದರಿಂದ ಸ್ಪಿನ್‌ಲಾಕ್ (ನಿದ್ರೆಗೆ ಹೋಗದೆ ಕಾಯುವ ಲಾಕ್) ಹಿಡಿದಿರುವಾಗ ಅದನ್ನು ಕರೆಯುವಂತಿಲ್ಲ. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ, ತಾನು ಹುಟ್ಟಿದ ಐರಿಕ್ಸ್ ಆಪರೇಟಿಂಗ್ ಸಿಸ್ಟಂ ಕಾಲದಿಂದ ಹೊತ್ತು ತಂದಿದ್ದ ಹೊದಿಕೆಗಳನ್ನು 2024ರ 6.9 ಆವೃತ್ತಿಯಲ್ಲಿ ಕೈಬಿಟ್ಟು ಕರ್ನೆಲ್‌ನ ಸಾಮಾನ್ಯ ಫಂಕ್ಷನ್‌ಗಳಿಗೆ ಬಂದಿತು.

ಅದೇ 4.12 ಆವೃತ್ತಿ ಇನ್ನೊಂದು ಅನುಕೂಲವನ್ನೂ ತಂದಿತು. ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಬದಲಾವಣೆಗಳ ಗುಂಪು) ನಡೆಯುತ್ತಿರುವಾಗ ಸಾಮಾನ್ಯ ಜಿಎಫ್‌ಪಿ-ಕರ್ನೆಲ್ ಫ್ಲ್ಯಾಗಿನೊಂದಿಗೆ ಮೆಮೊರಿ ಕೇಳಿದರೆ, ಕರ್ನೆಲ್ ಮೆಮೊರಿ ತೆರವುಗೊಳಿಸಲು ಅದೇ ಫೈಲ್‌ಸಿಸ್ಟಂನೊಳಗೆ ಮತ್ತೆ ಹೊಕ್ಕು, ನಾವೇ ಹಿಡಿದಿರುವ ಲಾಕಿಗಾಗಿ ಕಾಯುತ್ತ ಡೆಡ್‌ಲಾಕ್ ಆಗಬಹುದು. ಇದಕ್ಕೆ ಹೆದರಿ ಹಾಗೆ ಮತ್ತೆ ಹೊಗುವುದನ್ನು ತಡೆಯುವ ಜಿಎಫ್‌ಪಿ-ನೋಎಫ್‌ಎಸ್ ಫ್ಲ್ಯಾಗನ್ನು ಕಂಡಕಂಡಲ್ಲಿ ಬರೆಯುವ ಅಭ್ಯಾಸ ಬೆಳೆಯಿತು, ಮುಂದೆ ಅದು ಎಲ್ಲಿ ನಿಜವಾಗಿ ಬೇಕು ಎಂಬುದು ಬರೆದವರಿಗೂ ತಿಳಿಯದಾಯಿತು. ಈಗ ಟ್ರಾನ್ಸಾಕ್ಷನ್ ಆರಂಭಿಸುವಲ್ಲಿ ಮೆಮ್ಯಾಲಕ್-ನೋಎಫ್‌ಎಸ್-ಸೇವ್, ಮುಗಿಸುವಲ್ಲಿ ಅದರ ರಿಸ್ಟೋರ್ ಜೋಡಿ ಇರಿಸಿದರೆ ನಡುವಿನ ಹಂಚಿಕೆಗಳಿಗೆಲ್ಲ ಆ ನಿರ್ಬಂಧ ತಾನಾಗಿ ಅನ್ವಯಿಸುತ್ತದೆ. ಇಎಕ್ಸ್‌ಟಿ4 ಬಳಸುವ ಜರ್ನಲ್ ಕೋಡು ಜೆಬಿಡಿ2 ಮಾಡುವುದೂ ಇದನ್ನೇ.

ಕೆಫ್ರೀ, ಇನೋಡನ್ನು ಬಿಡುವ ಐಪುಟ್, ಡಿಸ್ಕ್ ಬಫರನ್ನು ಬಿಡುವ ಬಿರೆಲ್ಸ್ ಮೂರೂ ನಲ್ ಪಾಯಿಂಟರನ್ನು ಸುಮ್ಮನೆ ಒಪ್ಪುವುದರಿಂದ ಅವುಗಳ ಮುಂದಿನ ನಲ್ ಪರೀಕ್ಷೆಗಳನ್ನು ತೆಗೆಯಬಹುದು. ಕೆಫ್ರೀ ಮುಂದಿನವನ್ನು ಹುಡುಕಿಕೊಡುವ ಕಾಕ್ಸಿನೆಲ್ (ಕೋಡಿನ ಮಾದರಿಗಳನ್ನು ಹುಡುಕುವ ಸಾಧನ) ಸ್ಕ್ರಿಪ್ಟ್ ಕರ್ನೆಲ್ ಮೂಲದಲ್ಲೇ ಇದೆ. ಡಿಸ್ಕಿನಿಂದ ಓದಿದ ಸಂಖ್ಯೆಯನ್ನು ಗಾತ್ರದೊಂದಿಗೆ ಗುಣಿಸಿ ಕೆಮ್ಯಾಲಕ್‌ಗೆ ಕೊಡುವ ಸಾಲು ಕಂಡರೆ ಮಾತ್ರ ಅಲ್ಲಿ ನಿಲ್ಲಬೇಕು. ಕೆಟ್ಟ ಡಿಸ್ಕ್ ಇಮೇಜ್ ಆ ಗುಣಲಬ್ಧವನ್ನು ಉಕ್ಕಿಸಿ, ಬೇಕಾದುದಕ್ಕಿಂತ ಕಿರಿದಾದ ಬಫರ್ ಸಿಗುವಂತೆ ಮಾಡಬಲ್ಲದು. ಕೆಮ್ಯಾಲಕ್-ಅರ‍್ರೇ ಅಥವಾ ಕೆಕ್ಯಾಲಕ್ ಇಂಥ ಉಕ್ಕುವಿಕೆಯನ್ನು ಗುರುತಿಸಿ ನಲ್ ಹಿಂತಿರುಗಿಸುತ್ತವೆ.

2023ರ 6.5 ಆವೃತ್ತಿಯಿಂದ, ಚರವೊಂದರ ವ್ಯಾಪ್ತಿ ಮುಗಿದಾಗ ಕೆಫ್ರೀ ತಾನಾಗಿ ನಡೆಯುವಂತೆ ಘೋಷಿಸುವ ಸೌಲಭ್ಯವೂ ಇದೆ. ಚಿಕ್ಕ ಹೊಸ ಫಂಕ್ಷನ್‌ಗಳಿಗೆ ಅದು ಬಹಳ ಒಪ್ಪುತ್ತದೆ. ಪಾಯಿಂಟರನ್ನು ಕರೆದವರಿಗೆ ಒಪ್ಪಿಸುವಾಗ ನೋ-ಫ್ರೀ-ಪಿಟಿಆರ್ ಬಳಸಿ ಒಡೆತನ ಬಿಟ್ಟುಕೊಡಬೇಕು, ಮತ್ತು ಒಂದೇ ಫಂಕ್ಷನ್ನಿನಲ್ಲಿ ಇದನ್ನು ಗೋಟು ಲೇಬಲ್‌ಗಳೊಂದಿಗೆ ಬೆರೆಸಬಾರದು. ಸರಿಯಾಗಿ ನಡೆಯುತ್ತಿರುವ ಹಳೆಯ ಉದ್ದನೆಯ ಫಂಕ್ಷನ್‌ಗಳನ್ನು ಇದಕ್ಕಾಗಿಯೇ ತಿರುಗಿಸಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಪ್ಯಾಚ್ ಕಳುಹಿಸುವ ಮೊದಲು ಸೋಲುವ ದಾರಿಗಳನ್ನೆಲ್ಲ ಓಡಿಸಿ ನೋಡಬೇಕು. ಮೆಮೊರಿ ದೋಷ ಹಿಡಿಯುವ ಕೇಸ್ಯಾನ್, ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಎರಡನ್ನೂ ಸೇರಿಸಿ ಕಟ್ಟಿದ ಕರ್ನೆಲ್‌ನಲ್ಲಿ ಹಂಚಿಕೆಗಳನ್ನು ಬೇಕೆಂದೇ ಸೋಲಿಸುವ ಫೇಲ್‌ಸ್ಲ್ಯಾಬ್ ಮೂಲಕ ಮೊದಲ ಹಂಚಿಕೆಯನ್ನು ಸೋಲಿಸಿ ಮೌಂಟ್ ಮಾಡಬೇಕು, ಆಮೇಲೆ ಎರಡನೆಯದನ್ನು, ಮೂರನೆಯದನ್ನು, ಹೀಗೆ ಮೌಂಟ್ ಗೆಲ್ಲುವವರೆಗೆ. ಎರಡು ಬಾರಿಯ ಬಿಡುಗಡೆಯನ್ನು ಕೇಸ್ಯಾನ್ ಆಗಲೇ ತೋರಿಸುತ್ತದೆ. ಕೆಮೆಮ್‌ಲೀಕ್ ತಾನಾಗಿ 10 ನಿಮಿಷಕ್ಕೊಮ್ಮೆ ಮಾತ್ರ ಹುಡುಕುವುದರಿಂದ ಅದಕ್ಕೆ ಸ್ಕ್ಯಾನ್ ಆದೇಶವನ್ನು ನಾವೇ ಕೊಡಬೇಕು. ಮೊದಲ ಸುತ್ತಿನ ವರದಿ ತಪ್ಪಾಗಿರಬಹುದಾದ್ದರಿಂದ ಎರಡನೆಯ ಸುತ್ತಿನಲ್ಲೂ ಉಳಿದದ್ದನ್ನು ಸೋರಿಕೆಯೆಂದು ಎಣಿಸಬೇಕು. ಕಡೆಯದಾಗಿ ಮಾಡ್ಯೂಲನ್ನು ಹೊರತೆಗೆದು ಡಿಮೆಸೆಗ್ (ಕರ್ನೆಲ್‌ನ ಸಂದೇಶಗಳ ಪಟ್ಟಿ) ನೋಡಬೇಕು: ಕ್ಯಾಶ್‌ನಲ್ಲಿ ಒಂದೇ ಒಂದು ಇನೋಡ್ ಉಳಿದಿದ್ದರೂ ಅಲ್ಲಿ ಎಚ್ಚರಿಕೆ ಮೂಡಿರುತ್ತದೆ.