ಪಿಜಿಸಿಇಟಿ ರೀಸನಿಂಗ್: ದೋಸೆ ಗರಿಗರಿ ಎಂದವರು ಯಾರು?

ಎಲ್ಲ ಬೆಣ್ಣೆ ದೋಸೆಗಳೂ ದೋಸೆಗಳೇ. ಕೆಲವು ದೋಸೆಗಳು ಗರಿಗರಿಯಾಗಿವೆ. ಹಾಗಾದರೆ ಕೆಲವು ಬೆಣ್ಣೆ ದೋಸೆಗಳು ಗರಿಗರಿಯಾಗಿವೆ ಎನ್ನಬಹುದೇ?

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಎಂಬಿಎ, ಎಂಸಿಎ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಗೆ ಓದಲು ಬರುವ ಹುಡುಗರಿಗೆ ಮೊದಲ ದಿನ ನಾನು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಒಬ್ಬರೂ ಬಿಡದೆ ‘ಹೌದು’ ಅಂತಾರೆ. ಅಲ್ಲ ಅಂದರೆ, ‘ಗರಿಗರಿ ಇಲ್ಲದ ಬೆಣ್ಣೆ ದೋಸೆ ಈ ಊರಾಗೆ ಎಲ್ಲೈತಿ ಸರ್?’ ಎಂದು ಜಗಳಕ್ಕೇ ಬರುತ್ತಾರೆ. ಊರಿನ ಮಟ್ಟಿಗೆ ಅವರ ಮಾತು ಸರಿ. ಪ್ರಶ್ನೆಪತ್ರಿಕೆಯ ಮಟ್ಟಿಗೆ ತಪ್ಪು. ಗರಿಗರಿಯಾದ ಆ ‘ಕೆಲವು’ ಅಷ್ಟೂ ರವೆ ದೋಸೆಗಳೇ ಆಗಿರಬಹುದಲ್ಲ?

ಇಂಥ ಪ್ರಶ್ನೆ ಬಂದಾಗ ವೃತ್ತ ಎಳೆಯಿರಿ. ದೊಡ್ಡ ವೃತ್ತ ದೋಸೆ, ಅದರೊಳಗೆ ಚಿಕ್ಕದು ಬೆಣ್ಣೆ ದೋಸೆ. ‘ಗರಿಗರಿ’ ಎಂಬ ಮೂರನೆಯದು ದೊಡ್ಡದರೊಳಗೆ ಸ್ವಲ್ಪವಾದರೂ ಹೊಕ್ಕಿರಬೇಕು, ಅಷ್ಟೇ. ಈಗ ಅದನ್ನು ಚಿಕ್ಕ ವೃತ್ತಕ್ಕೆ ತಾಗದಂತೆ ಎಳೆಯಲು ನೋಡಿ. ಬರುತ್ತದೆ. ಹೇಳಿಕೆಗಳನ್ನು ಮುರಿಯದೆ, ತೀರ್ಮಾನ ಸುಳ್ಳಾಗುವಂಥ ಒಂದೇ ಒಂದು ಚಿತ್ರ ಸಿಕ್ಕರೂ ಆ ತೀರ್ಮಾನ ಬಿದ್ದಂತೆ. ಬಹಳ ಜನ ತೀರ್ಮಾನ ನಿಜವಾಗುವ ಚಿತ್ರ ಹುಡುಕುತ್ತಾರೆ, ಅದು ಸಿಕ್ಕ ಕೂಡಲೇ ಟಿಕ್ ಹಾಕುತ್ತಾರೆ. ಮಾಡಬೇಕಾದದ್ದು ತದ್ವಿರುದ್ಧ.

ಇನ್ನು ಕೂರಿಸುವ ಲೆಕ್ಕ. ಐವರು ಗೆಳೆಯರು ಬೆಂಚಿನ ಮೇಲೆ ಉತ್ತರಕ್ಕೆ ಮುಖ ಮಾಡಿ ಸಾಲಾಗಿ ಕೂತಿದ್ದಾರೆ. ಹಾಸ್ಟೆಲ್ಲಿನಲ್ಲಿ ಕರೆಯುವಂತೆ ಊರಿನ ಹೆಸರಲ್ಲೇ ಕರೆಯೋಣ: ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿ, ನ್ಯಾಮತಿ. ಜಗಳೂರು ಒಂದು ತುದಿಯಲ್ಲಿದ್ದಾನೆ. ನ್ಯಾಮತಿ, ಹೊನ್ನಾಳಿ ಅಕ್ಕಪಕ್ಕ. ಹರಿಹರ ನಟ್ಟನಡುವೆ. ಹರಿಹರದ ಬಲಕ್ಕೆ ಒತ್ತಿಕೊಂಡೇ ಹೊನ್ನಾಳಿ. ಎಡದಿಂದ ಎರಡನೆಯವನು ಯಾರು?

ಮೊದಲ ಸುಳಿವಿನಿಂದಲೇ ಶುರು ಮಾಡಿದರೆ ಕೆಟ್ಟಿರಿ. ತುದಿ ಎಂದರೆ ಯಾವ ತುದಿ? ಅಲ್ಲೇ ಎರಡು ಚಿತ್ರ ಬರೆಯಬೇಕಾಗುತ್ತದೆ. ಐದು ಗೀಟು ಎಳೆದು, ಎಲ್ಲ ಸುಳಿವೂ ಓದಿ, ಅಲುಗಾಡದ್ದನ್ನು ಮೊದಲು ಕೂರಿಸಿ. ಹರಿಹರ ಮೂರರಲ್ಲಿ. ಬಲಕ್ಕೆ, ಅಂದರೆ ನಾಲ್ಕರಲ್ಲಿ ಹೊನ್ನಾಳಿ. ಅವನ ಪಕ್ಕ ಖಾಲಿ ಇರುವುದು ಐದು ಮಾತ್ರ, ಅಲ್ಲಿ ನ್ಯಾಮತಿ. ಆಗ ಜಗಳೂರಿಗೆ ಉಳಿಯುವ ತುದಿ ಒಂದೇ. ಎರಡನೆಯವನು ಚನ್ನಗಿರಿ. ಯಾವ ಸುಳಿವಿನಲ್ಲೂ ಅವನ ಹೆಸರಿಲ್ಲ ನೋಡಿ! ‘ದಕ್ಷಿಣಕ್ಕೆ ಮುಖ ಮಾಡಿ’ ಎಂದಿದ್ದರೆ ಅವರ ಬಲ ನಿಮ್ಮ ಹಾಳೆಯ ಎಡ. ಗೀಟಿನ ಕೆಳಗೆ ಬಾಣದ ಗುರುತೊಂದನ್ನು ಹಾಕಿಕೊಳ್ಳದವರು ಇಲ್ಲೇ ಎಡವುತ್ತಾರೆ.

ಸಂಬಂಧದ ಪ್ರಶ್ನೆಗಳಲ್ಲಿ ಕನ್ನಡದವರಿಗೆ ಒಂದು ಲಾಭ, ಒಂದು ಗುಂಡಿ. ಇಂಗ್ಲಿಷಿನ ‘ಅಂಕಲ್’ ಒಳಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅಡಗಿದ್ದಾರೆ. ಯಾರೆಂದು ಬಿಡಿಸಿಕೊಂಡರೆ ದಾರಿ ತಿಳಿಯಾಗುತ್ತದೆ. ಆದರೆ ನಮ್ಮ ‘ಅತ್ತೆ’ ಅಪ್ಪನ ಅಕ್ಕತಂಗಿಯೂ ಹೌದು, ಹೆಂಡತಿಯ ತಾಯಿಯೂ ಹೌದು. ‘ಮಾವ’ನ ಕಥೆಯೂ ಅದೇ. ಸೋದರಮಾವನ ಮಗಳನ್ನು ತಂದುಕೊಳ್ಳುವ ಮನೆಗಳಲ್ಲಿ ತಾಯಿಯ ಅಣ್ಣತಮ್ಮ, ಹೆಂಡತಿಯ ತಂದೆ ಇಬ್ಬರೂ ಒಬ್ಬರೇ ಆಗಿಬಿಡಬಹುದು. ಪ್ರಶ್ನೆಪತ್ರಿಕೆ ಅಂಥ ಮದುವೆ ಮಾಡಿಸಿರುವುದಿಲ್ಲ. ಆದ್ದರಿಂದ ಬಾಯಿಲೆಕ್ಕ ಬೇಡ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಜೋಡಿಗೆರೆ, ತಲೆಮಾರು ಇಳಿದಂತೆ ಕೆಳಕ್ಕೆ.

ವಾಕ್ಯ ಉದ್ದವಾಗಿದ್ದರೆ ಬಾಲದಿಂದ ಬನ್ನಿ. ಫೋಟೊ ತೋರಿಸಿ ಒಬ್ಬಾಕೆ, ‘ಇವನ ತಾಯಿ ನನ್ನ ತಾಯಿಯ ಒಬ್ಬಳೇ ಮಗಳು’ ಎಂದರೆ, ‘ನನ್ನ ತಾಯಿಯ ಒಬ್ಬಳೇ ಮಗಳು’ ಆಕೆಯೇ. ಹುಡುಗ ಅವಳ ಮಗ.

ಒಂದು ಅಕ್ಷರದ ಬದಲು ಇನ್ನೊಂದನ್ನು ಇಟ್ಟು ಪದ ಬರೆಯುವ ಅಕ್ಷರ ಸಂಕೇತಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಗ್ಲಿಷ್ ವರ್ಣಮಾಲೆಯಲ್ಲಿ ಇ, ಜೆ, ಓ, ಟಿ, ವೈ ಕ್ರಮವಾಗಿ 5, 10, 15, 20, 25ನೆಯವು. ಮೊದಲಿನಿಂದ ಎಷ್ಟನೆಯದೋ ಅದನ್ನು 27ರಿಂದ ಕಳೆದರೆ ಕೊನೆಯಿಂದ ಎಷ್ಟನೆಯದೆಂದು ಸಿಗುತ್ತದೆ.

ಉಳಿದದ್ದು ಗಡಿಯಾರ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಯ ಎಂಬಿಎ ಪತ್ರಿಕೆಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 72 ಸೆಕೆಂಡು. ಒಂದೇ ಚಿತ್ರಕ್ಕೆ ನಾಲ್ಕೈದು ಪ್ರಶ್ನೆ ತಗುಲಿಕೊಂಡಿದ್ದರೆ ಅದಕ್ಕೆ ನಾಲ್ಕು ನಿಮಿಷ ಕೊಟ್ಟರೂ ನಷ್ಟವಿಲ್ಲ. ಒಂಟಿ ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿದರೆ ಗುರುತು ಹಾಕಿ ಮುಂದೆ ನಡೆಯಿರಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಕೊನೆಗೆ ಯಾವುದನ್ನೂ ಖಾಲಿ ಬಿಡಬೇಡಿ. ಐಐಎಂ ಪ್ರವೇಶಕ್ಕಾಗಿ ಕ್ಯಾಟ್ ಬರೆಯುವವರ ಲೆಕ್ಕ ಬೇರೆ. ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಿಗೆ ಸರಿಯಾದರೆ 3 ಅಂಕ ಸಿಗುತ್ತದೆ, ತಪ್ಪಿದರೆ 1 ಹೋಗುತ್ತದೆ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಹೊಡೆದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ತಪ್ಪೆಂದು ಖಾತ್ರಿಯಾದರೂ ಸಾಕು, ತಕ್ಕಡಿ ನಿಮ್ಮ ಕಡೆ ವಾಲುತ್ತದೆ.