ಕೆರೆಯಂಚಿನಲ್ಲಿ ಕಪ್ಪೆಗಾಗಿ ಕಾಯುವ ಬಗೆ

ಕ್ಯಾಮೆರಾ ಹಿಡಿದು ಕೆರೆ ಏರಿಯಿಂದ ಇಳಿಯುವಷ್ಟರಲ್ಲಿ ದಡದ ಕಪ್ಪೆಗಳೆಲ್ಲ ಬುಳಕ್ ಬುಳಕ್ ಎಂದು ನೀರಿಗೆ ಹಾರಿರುತ್ತವೆ. ಹೊಸಬರು ಅಲ್ಲಿಗೇ ಬೇಸತ್ತು ಹಿಂದಿರುಗುತ್ತಾರೆ. ಅಲುಗಾಡದೆ ಕುಳಿತು ನೋಡಿ. ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಜೊಂಡಿನ ಬುಡದಲ್ಲಿ ಎರಡು ಕಣ್ಣುಗಳು ಮೇಲೇಳುತ್ತವೆ.

ಮೊದಲು ಜಾಗ ಆರಿಸಿಕೊಳ್ಳಿ. ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಆಗ ಸೂರ್ಯ ಬೆನ್ನಿಗಿರುತ್ತಾನೆ. ಆದರೆ ಎಳೆಬಿಸಿಲಿನಲ್ಲಿ ನಿಮ್ಮದೇ ನೆರಳು ಮಾರುದ್ದ ನೀರಿಗೆ ಚಾಚುತ್ತದೆ, ಅದು ಅಲುಗಿದರೂ ಕಪ್ಪೆ ಮುಳುಗುತ್ತದೆ. ಆದ್ದರಿಂದ ತುಸು ಓರೆಯಾಗಿ, ತಗ್ಗಿ ಕುಳಿತುಕೊಳ್ಳಿ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆಯ ಬೆಳಕೇ ಚೆಂದ. ಹೊತ್ತೇರಿದ ಮೇಲೆ ನೀರು ಕಣ್ಣು ಕುಕ್ಕುತ್ತದೆ, ಒದ್ದೆ ಚರ್ಮದ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ತೆಳುಮೋಡವಿದ್ದರೆ ಮಾತ್ರ ಇಡೀ ದಿನ ನಿಮ್ಮದೇ.

ಇನ್ನು ಎತ್ತರ. ನಿಂತು ತೆಗೆದ ಚಿತ್ರದಲ್ಲಿ ಕಪ್ಪೆಯ ಬೆನ್ನಷ್ಟೇ ಕಾಣುತ್ತದೆ. ಗೋಣಿಚೀಲ ಹಾಸಿ ಬೋರಲು ಮಲಗಿ, ಲೆನ್ಸನ್ನು ನೀರಿನ ಮಟ್ಟಕ್ಕೆ ತನ್ನಿ. ಸಾಮಾನ್ಯ ಟ್ರೈಪಾಡ್ ಇಷ್ಟು ತಗ್ಗುವುದಿಲ್ಲ. ಹಳೆಯ ಪ್ಯಾಂಟಿನ ಕಾಲೊಂದನ್ನು ಕತ್ತರಿಸಿ, ರಾಗಿ ತುಂಬಿ, ಎರಡೂ ತುದಿ ಹೊಲಿದರೆ ಒಳ್ಳೆಯ ಆಸರೆಯಾಗುತ್ತದೆ. ಒದ್ದೆಯಾದರೆ ಒಣಗಿಸಲು ಮರೆಯಬೇಡಿ. ನನ್ನ ಚೀಲದಲ್ಲಿ ಒಮ್ಮೆ ರಾಗಿ ಮೊಳೆತೇ ಹೋಗಿತ್ತು.

ಕುಳಿತ ಕಪ್ಪೆಗೆ ಸೆಕೆಂಡಿನ 1/250 ಭಾಗದ ಶಟರ್ ವೇಗ ಸಾಕು. ಧುಮುಕುವ ಮಿಂಚುಳ್ಳಿಗೆ 1/2000 ಬೇಕು, ಅದಕ್ಕೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿ. ಚಿತ್ರ ಕೊಂಚ ತರಿತರಿಯಾದರೂ ಚಿಂತೆಯಿಲ್ಲ, ಅಲುಗಿದ ಚಿತ್ರ ಯಾವುದಕ್ಕೂ ಬಾರದು. ಬೆಳ್ಳಕ್ಕಿಯಾದರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಇಳಿಸಿ, ಇಲ್ಲವಾದರೆ ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ. ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಲಿ. ಫ್ಲ್ಯಾಶ್ ಮನೆಯಲ್ಲೇ ಇರಲಿ.

ಕಲಿಯುವವರಿಗೆ ಏರೋಪ್ಲೇನ್ ಚಿಟ್ಟೆಗಿಂತ ಒಳ್ಳೆಯ ಗುರುವಿಲ್ಲ. ಹತ್ತಿರ ಹೋದರೆ ಹಾರುತ್ತದೆ, ಆದರೆ ಅವುಗಳಲ್ಲಿ ಹಲವು ಒಂದು ಸುತ್ತು ಹೊಡೆದು ಅದೇ ಕಡ್ಡಿಯ ತುದಿಗೆ ಮರಳುತ್ತವೆ. ಅಟ್ಟಿಸಿಕೊಂಡು ಹೋಗದೆ ಕಡ್ಡಿಗೇ ಫೋಕಸ್ ಮಾಡಿಟ್ಟು ಕಾಯಿರಿ. ಬಂದು ಕುಳಿತದ್ದು ಮೊದಲು ರೆಕ್ಕೆಯನ್ನು ಮುಂದಕ್ಕೆ ಬಾಗಿಸುತ್ತದೆ, ಆಮೇಲೆ ತಲೆಯನ್ನು ಗಿರಕ್ಕನೆ ತಿರುಗಿಸುತ್ತದೆ. ಆ ಗಳಿಗೆಯಲ್ಲಿ ಒತ್ತಿ. ನೆತ್ತಿ ಸುಡುವ ಹೊತ್ತಿನಲ್ಲಿ ಕೆಲವು ಬಾಲವನ್ನು ಸೂರ್ಯನತ್ತ ನೆಟ್ಟಗೆ ಎತ್ತಿ ನಿಲ್ಲುವುದುಂಟು. ಮೈಗೆ ಬಿಸಿಲು ಕಡಿಮೆ ತಾಗಲೆಂದು ಆ ಕಸರತ್ತು. ನಡುಹಗಲಿನಲ್ಲಿ ಕ್ಯಾಮೆರಾ ತೆಗೆಯಲು ನಾನು ಒಪ್ಪುವುದು ಇದೊಂದಕ್ಕೇ.

ನೀರಿನ ಎಲೆಗಳ ಮೇಲೆ ಓಡಾಡುವ ಹಕ್ಕಿ ದೇವನಕ್ಕಿ ತೇಲುವ ಎಲೆಗಳ ಮೇಲೆಯೇ ಮೊಟ್ಟೆಯಿಡುತ್ತದೆ, ಕಾವು ಕೊಡುವುದು ಗಂಡು. ಅದು ಕೂಗುತ್ತಾ ಅತ್ತಿತ್ತ ಓಡಾಡತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದೇ ಲೆಕ್ಕ. ಬಂದ ದಾರಿಯಲ್ಲೇ, ತೆವಳಿಕೊಂಡೇ ಹಿಂದೆ ಸರಿಯಿರಿ.