ಮೇಲಿನ ಕಾಮಾ ಮತ್ತು ನನ್ನ ಕೈಯಿಂದ ಹೋದ ದುಡ್ಡು

ಈ ಮದುವೆ ಸೀಸನ್‌ನಲ್ಲಿ ಇಂಗ್ಲಿಷ್ ಕೆಲಸ ಒಂದು 60-70 ಹೋಗಿರಬಹುದು. ಮೇಲಿನ ಕಾಮಾ ತಪ್ಪಿದೆ ಅಂತ ಒಂದೂ ವಾಪಸ್ ಬರಲಿಲ್ಲ. ಅಪಾಸ್ಟ್ರಫಿ (’) ಅನ್ನುವುದು ಪುಸ್ತಕದಲ್ಲಿ ಇರುವ ಹೆಸರು, ನಮ್ಮ ಅಂಗಡಿಯಲ್ಲಿ ಅದು ಮೇಲಿನ ಕಾಮಾ. ಮಂಗಳೂರಿನ ಹಂಪನಕಟ್ಟೆ ಹತ್ತಿರ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್, ಡಿಸೈನ್ ಮಾಡಿ ಕೊಡುವ ಅಂಗಡಿ, ಇಟ್ಟು 18 ವರ್ಷ ಆಯ್ತು. ಅದರಲ್ಲಿ 16 ವರ್ಷ ನಾನು ಈ ಕಾಮಾವನ್ನು ಅಂದಾಜಿನ ಮೇಲೆ ಹಾಕಿದವ.

ಬೆಂದೂರಿನ ಒಂದು ಮನೆಗೆ ಗ್ರಾನೈಟ್ ಬೋರ್ಡ್ ಮಾಡಿಸಿ ಕೊಟ್ಟಿದ್ದೆ, ‘ದ ಡಿ’ಸೋಜಾಸ್’ ಅಂತ ಇಂಗ್ಲಿಷಿನಲ್ಲಿ. ಡಿ ಆದ ಮೇಲೆ ಒಂದು ಕಾಮಾ, ಅದು ಇರಬೇಕಾದ್ದೇ. ಕೊನೆಯ ಎಸ್‌ಗೆ ಮೊದಲು ಇನ್ನೊಂದು ಹಾಕಿದೆ, ಸುಮ್ನೆ, ಚಂದ ಕಾಣಲಿ ಅಂತ. ದುಬೈಯಿಂದ ರಜೆಗೆ ಬಂದ ಮಗ ಗೇಟಿನಲ್ಲೇ ನಿಂತು ನಕ್ಕನಂತೆ. ಆ ಮನೆಯ ಬಾಯಮ್ಮನ ಫೋನ್ ಬಂತು: "ಎಂತ ಮಾರಾಯ್ರೆ, ಕಲ್ಲಲ್ಲಿ ತಪ್ಪು ಕೆತ್ತಿದ್ದೀರಲ್ಲ?" ಅರಾಲ್ಡೈಟ್ ಅಂಟಿಗೆ ಕರಿ ಪುಡಿ ಕಲಸಿ ತುಂಬಿಸಿದೆ. ಒಣಗಿದ ಮೇಲೆ ಬಿಸಿಲಿಗೆ ಮೊಡವೆ ಹಾಗೆ ಎದ್ದು ಕಂಡಿತು. ಹೊಸ ಕಲ್ಲು, ಕೆತ್ತನೆ ಸೇರಿ ಸುಮಾರು 3,000 ಹೋಯ್ತು. ಈಗ ಕಲ್ಲಿನ ತಪ್ಪನ್ನು ಕಾಣದ ಹಾಗೆ ತುಂಬಿಸಲು ಬರ್ತದೆ. ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಆ ಕಲ್ಲಿನ ಎದುರು ಕೂತಾಗಲೇ ಹೊಳೆದದ್ದು: ಕನ್ನಡದಲ್ಲಿ ಹೇಳಿ ನೋಡಿದರೆ ಹೇಗೆ? ‘ಗಳು’, ‘ರು’ ಬಂದರೆ ಕಾಮಾ ಬೇಡ. ‘ಡಿಸೋಜರು’, ಮುಗೀತು. ‘ಯಾರ’ ಅಂತ ಕೇಳಿದಾಗ ಉತ್ತರ ಬಂದರೆ ಕಾಮಾ ಬೇಕು. ಉತ್ತರವನ್ನು ಇಂಗ್ಲಿಷಿನಲ್ಲಿ ಪೂರ್ತಿ ಟೈಪ್ ಮಾಡಿ, ಅದರ ಬಾಲಕ್ಕೆ ಕಾಮಾ. ಯಾರ ಟೈಲರ್? ಹೆಂಗಸರ. ಲೇಡೀಸ್ ಪೂರ್ತಿ ಬರಲಿ, ಎಸ್ ಸಮೇತ, ಆಮೇಲೆ ಕಾಮಾ. ಯಾರ ಪಾರ್ಕ್? ಮಕ್ಕಳ. ಚಿಲ್ಡ್ರನ್ ಅಲ್ಲೇ ಪೂರ್ತಿ ಆಯ್ತು, ಕಾಮಾ ಹಾಕಿ ಆಮೇಲೆ ಎಸ್. ಡೋಂಟ್, ಕಾಂಟ್ ತರದವು ನಿಮಗೆ ಗೊತ್ತೇ ಉಂಟು, ಅಕ್ಷರ ಬಿದ್ದ ಜಾಗದಲ್ಲಿ ಕಾಮಾ.

ಭಾವ ನಕ್ಕುಬಿಟ್ಟರು. "ಇಂಗ್ಲಿಷ್ ತಿದ್ದಲಿಕ್ಕೆ ಕನ್ನಡವಾ? ನಿಂಗೆ ಮರ್ಲಾ?" ಪಕ್ಕದ ಝೆರಾಕ್ಸ್ ಅಂಗಡಿಯವರೂ ತಲೆ ಅಲ್ಲಾಡಿಸಿದರು.

ಅವರು ನಕ್ಕದ್ದಕ್ಕೆ ಸರಿಯಾಗಿ ಎರಡೇ ವಾರದಲ್ಲಿ ನನ್ನ ಉಪಾಯ ಕೈಕೊಟ್ಟಿತು. ಒಂದು ಶಾಲೆಯ ರಜತೋತ್ಸವಕ್ಕೆ 20×10ರ ಫ್ಲೆಕ್ಸ್. ‘ಶಾಲೆಯು ತನ್ನ’ ಅನ್ನುವ ಜಾಗದಲ್ಲಿ ಇಟ್ಸ್ ಬಂತು. ‘ಅದರ’ ಅಂತ ಕನ್ನಡ ಹೇಳಿತು, ಕಾಮಾ ಹಾಕಿದೆ. ತಪ್ಪು! 200 ಚದರಡಿ, ಅಡಿಗೆ 15ರ ಹಾಗೆ, ಲೆಕ್ಕ ನೀವೇ ಹಾಕಿ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಅರ್ಥ ಆಯ್ತು. ಹಿಸ್‌ಗೆ ಕಾಮಾ ಇಲ್ಲ, ಅವರ್ಸ್‌ಗೆ ಇಲ್ಲ, ಯುವರ್ಸ್‌ಗೆ ಇಲ್ಲ. ಇಟ್ಸ್ ಅದೇ ಮನೆಯದ್ದು. ಅದು, ಅವನು, ನಾವು ಇಂಥವಕ್ಕೆ ನನ್ನ ‘ಯಾರ’ ನಡೆಯುವುದಿಲ್ಲ. ‘ಅದು ಇದೆ’, ‘ಅದು ಆಗಿದೆ’ ಅಂತ ಬಿಡಿಸಲು ಬಂದರೆ ಮಾತ್ರ ಇಟ್ಸ್‌ಗೆ ಕಾಮಾ. ಇದನ್ನು ಸೇರಿಸಿದ ಮೇಲೆ ಇಲ್ಲಿಯವರೆಗೆ ಕೈಕೊಟ್ಟಿಲ್ಲ.

ನಡುವೆ ಒಂದು ಹಳೇ ವಿದ್ಯಾರ್ಥಿಗಳ ಕೂಟದ ಕೆಲಸ ಬಂತು. 1986ರ ಬ್ಯಾಚ್, ಬರೀ ’86 ಅಂತ ಬೇಕು. ಸಾಫ್ಟ್‌ವೇರ್ ತಾನೇ ಬುದ್ಧಿ ಓಡಿಸಿ ಕಾಮಾವನ್ನು ಉಲ್ಟಾ ತಿರುಗಿಸಿತು, ‘86 ಅಂತ. ಬಾಲ 9ರ ಹಾಗೆ ಇರಬೇಕು, 6ರ ಹಾಗಲ್ಲ. ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0146 ಒತ್ತಿದರೆ ಸರಿಯಾದ್ದೇ ಬರ್ತದೆ. ಅದೇ ಬ್ಯಾಚಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹೊಡೆದಾಗ ಇನ್ನೊಂದು ತಮಾಷೆ. ಸೆಲ್‌ನ ಮೊದಲಿಗೆ ಕೀಬೋರ್ಡಿನ ಕಾಮಾ ಹೊಡೆದರೆ ಮಾಯ! ಎರಡು ಹೊಡೆದರೆ ಒಂದು ಉಳಿಯುತ್ತದೆ. ಇದಕ್ಕೇ ಅರ್ಧ ದಿನ ಹಾಳು.

ಮೊನ್ನೆ ಒಬ್ಬ ಹೋಟೆಲ್‌ನವರು ಬಂದರು. ಮೀಲ್ಸ್‌ಗೆ ಎಸ್‌ನ ಮೊದಲು ಕಾಮಾ ಬೇಕೇ ಬೇಕಂತೆ. ಊಟಗಳು ಅಂತ ಅಷ್ಟೇ ಅಲ್ವಾ, ಬೇಡ ಅಂದೆ. "ಆಚೆ ಹೋಟೆಲ್‌ನವರ ಬೋರ್ಡಲ್ಲಿ ಉಂಟಲ್ಲ, ನಮಗೆ ಮಾತ್ರ ಯಾಕೆ ಕಮ್ಮಿ?" ಅಂದರು. ದುಡ್ಡು ಅವರದ್ದು, ಹಾಕಿ ಕೊಟ್ಟೆ. ಕೆಳಗಿನ ಮೂಲೆಯಲ್ಲಿ ನಮ್ಮ ಅಂಗಡಿಯ ಹೆಸರು ಮಾತ್ರ ಹಾಕಲಿಲ್ಲ.